ಸೈಕಲ್ಲು ಹತ್ತು ಸಾವಿರದ್ದು, ಬೆನ್ನಿಗೆ ರಾಡಿ ಪುಕ್ಕಟೆ

ಮಳೆಗಾಲ ಹಿಡಿದು ವಾರವಾಗುವುದರೊಳಗೆ ಶಿರಸಿಗೆ ಬರುವ ಬೆಳಗಿನ ಬಸ್ಸುಗಳಲ್ಲಿ ಒಂದು ಗುರುತು ಕಾಣಿಸಿಕೊಳ್ಳುತ್ತದೆ. ಹೈಸ್ಕೂಲು, ಕಾಲೇಜು ಹುಡುಗರ ಅಂಗಿಯ ಬೆನ್ನ ಮೇಲೆ ಸೊಂಟದಿಂದ ಹಿಡಿದು ಕುತ್ತಿಗೆಯ ತನಕ ನಾಲ್ಕು ಬೆರಳಗಲದ ಕೆಂಪು ಪಟ್ಟೆ. ಪರವೂರಿನವರು ಕಂಡರೆ ಇದೂ ಯೂನಿಫಾರ್ಮಿನ ಒಂದು ಭಾಗ ಅಂದುಕೊಂಡಾರು. ದಿನಾ ಓಡಾಡುವವರಿಗೆ ಮಾತ್ರ ಗೊತ್ತು. ಆ ಹುಡುಗ ಎದ್ದುಹೋದ ಸೀಟನ್ನು ಅವರು ಮೊದಲು ಕೈಯಲ್ಲಿ ಸವರಿ ನೋಡುತ್ತಾರೆ, ಆಮೇಲೆ ಕೂರುತ್ತಾರೆ. ತಿಳಿಯದೆ ಒರಗಿದವರು ಕೋರ್ಟಿಗೋ ಬ್ಯಾಂಕಿಗೋ ತಲುಪುವ ಹೊತ್ತಿಗೆ ಅವರ ಬೆನ್ನ ಮೇಲೂ ಅದೇ ಪಟ್ಟೆ ಮೂಡಿರುತ್ತದೆ. ಬಸ್ ಸ್ಟಾಪಿನ ಅಂಗಡಿಕಾರರದ್ದು ಬೇರೆ ಗೋಳು. ಹುಡುಗರು ಸೈಕಲ್ಲು ನಿಲ್ಲಿಸುವುದು ಅವರ ಮಾಡಿನ ಕೆಳಗೆ, ಸೈಕಲ್ಲಿನಿಂದ ಸುರಿಯುವ ರಾಡಿ ಇಳಿಯುವುದು ಅವರ ಜಗುಲಿಯ ಮೇಲೆ, ಗಿರಾಕಿ ಅದನ್ನು ತುಳಿದುಕೊಂಡು ಬರುವುದು ಅಕ್ಕಿ ಚೀಲದ ತನಕ.

ಈ ಪಟ್ಟೆಯ ಮೂಲ ಹುಡುಕುತ್ತ ಹೋದರೆ ಸಿಗುವುದು ಒಂದು ಸೈಕಲ್ಲು. ದಪ್ಪ ಟೈರು, ಮುಂದುಗಡೆ ಶಾಕಬ್ಸಾರು, ಹ್ಯಾಂಡಲ್ಲಿನ ಮೇಲೆ ಗೇರು, ಚಾಸಿಯ ಮೇಲೆ ಇಂಗ್ಲಿಷಿನಲ್ಲಿ ಹುಲಿ-ಸಿಡಿಲು ಎಂಬಂಥ ಏನಾದರೊಂದು ಹೆಸರು. ಎಲ್ಲ ಇದೆ, ಮಡ್ಗಾರ್ಡು ಇಲ್ಲ. ಕಂಪನಿಯವರು ಇದನ್ನು ಮೌಂಟನ್ ಬೈಕು ಅನ್ನುತ್ತಾರೆ. ನಮ್ಮಲ್ಲಿ ಬೈಕು ಅಂದರೆ ಪೆಟ್ರೋಲು ಕುಡಿಯುವಂಥದ್ದು, ಬೆಟ್ಟ ಅಂದರೆ ತೋಟಕ್ಕೆ ಸೊಪ್ಪು ತರುವ ಜಾಗ. ಹಾಗಾಗಿ ಊರವರು ಅದನ್ನು ‘ಗೇರ್ ಸೈಕಲ್ಲು’ ಅಂತ ಕರೆದು ಮುಗಿಸಿದ್ದಾರೆ. ಗೇರು ಇಲ್ಲದಿದ್ದರೂ ಅದು ಗೇರ್ ಸೈಕಲ್ಲೇ.

ಮತ್ತಿಘಟ್ಟ ಶಿರಸಿ ತಾಲೂಕಿನ ಪಶ್ಚಿಮದ ಅಂಚು. ಅದರಾಚೆ ಘಟ್ಟ ಇಳಿದರೆ ಅಂಕೋಲೆಯ ಸೀಮೆ. ದೂರದವರಿಗೆ ಜಲಪಾತದಿಂದಾಗಿ ಹೆಸರು ಗೊತ್ತು, ನಮ್ಮವರಿಗೆ ಅಡಿಕೆ ತೋಟದಿಂದ. ಇಂಥ ಕಡೆ ಊರು ಅಂದರೆ ಸಾಲು ಮನೆಗಳಲ್ಲ. ಒಂದೊಂದು ಕಣಿವೆಗೆ ಒಂದೊಂದು ತೋಟ, ತೋಟದ ತಲೆಗೆ ನಾಲ್ಕಾರು ಮನೆ. ಮನೆಯಿಂದ ಬಸ್ಸು ಬರುವ ರಸ್ತೆಗೆ ಒಂದು ಮೈಲಿಯೋ ಮೂರು ಮೈಲಿಯೋ ಕೆಂಪು ಮಣ್ಣಿನ ದಾರಿ. ಅದರಲ್ಲಿ ಏರು ಎಷ್ಟೋ ಇಳಿಜಾರೂ ಅಷ್ಟೇ, ನಡುವೆ ಒಂದೆರಡು ಹಳ್ಳ, ಹಳ್ಳಕ್ಕೊಂದು ಸಂಕ. ಬಸ್ಸು ತಪ್ಪಿದರೆ ಮುಂದಿನ ಬಸ್ಸು ಯಾವಾಗ ಅಂತ ಕೇಳುವ ಹಾಗೇ ಇಲ್ಲ. ಆದ್ದರಿಂದ ಆ ದಾರಿಯನ್ನು ಬೇಗ ದಾಟಿಸುವ ಸೈಕಲ್ಲು ಇಲ್ಲಿ ಷೋಕಿಯ ವಸ್ತುವಾಗಿ ಬಂದದ್ದಲ್ಲ, ಬಸ್ಸು ಹಿಡಿಯುವುದಕ್ಕೆ ಬಂದದ್ದು. ಈ ದಾರಿಗೆ ದಪ್ಪ ಟೈರು, ಗೇರು ಎರಡೂ ಹೇಳಿ ಮಾಡಿಸಿದಂಥವು. ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಖರೀದಿಯ ದಿವಸದ್ದು. ಇಸ್ಕೂಲು ಶುರುವಾಗುವ ಮುಂಚೆ, ಮೇ ತಿಂಗಳಲ್ಲಿ, ಅಡಿಕೆ ಮಾರಲು ಪೇಟೆಗೆ ಬಂದ ದಿನವೇ ಮಗನಿಗೊಂದು ಸೈಕಲ್ಲು ಅಂತ ಲೆಕ್ಕ. ಆಗ ರಸ್ತೆಯ ಮೇಲೆ ಧೂಳೇ ಹೊರತು ಒಂದು ಹನಿ ನೀರಿಲ್ಲ. ಅಂಗಡಿಯ ಮುಂದೆ ಹುಡುಗ ಎರಡು ಸುತ್ತು ಹೊಡೆದು ನೋಡುವುದೂ ಒಣ ಡಾಂಬರಿನ ಮೇಲೆಯೇ.

“ಅಲ್ಲ ಮಾರಾಯ, ಮಡ್ಗಾರ್ಡು ಎಲ್ಲಿ?”

“ಇದ್ಕೆ ಬರೂದಿಲ್ಲ ಹೆಗಡೇರೆ. ಇದು ಮೌಂಟನ್ ಬೈಕು. ಬೇಕಾದ್ರೆ ಬೇರೆ ಹಾಕ್ಕೊಡ್ತೆ, ನಾಕ್ನೂರು ಆಗ್ತದೆ.”

“ಹತ್ತು ಸಾವಿರದ ಮೇಲೆ ಮತ್ತೆ ನಾಕ್ನೂರಾ?”

ಹುಡುಗ ನಡುವೆ ಬಾಯಿ ಹಾಕುತ್ತಾನೆ: “ಬ್ಯಾಡ ಅಪ್ಪಯ್ಯ, ಅದು ಹಾಕಿರೆ ಅಜ್ಜನ ಸೈಕಲ್ ಕಂಡಂಗೆ ಕಾಣ್ತು.”

ವ್ಯವಹಾರ ಅಲ್ಲಿಗೆ ಮುಗಿಯುತ್ತದೆ. ಈ ಸಂಭಾಷಣೆ ಯಾವ ಅಂಗಡಿಯಲ್ಲಿ ನಡೆಯಿತು ಅಂತ ಕೇಳಬೇಡಿ, ಯಾವ ಅಂಗಡಿಯಲ್ಲಿ ನಡೆಯುವುದಿಲ್ಲ ಅಂತ ಕೇಳಿ. ಹುಡುಗ ಹೇಳಿದ್ದರಲ್ಲಿ ಅರ್ಧ ನಿಜವೂ ಇದೆ. ಅಜ್ಜನ ಸೈಕಲ್ಲು ಅಂದರೆ ಆ ಕರಿ ಸೈಕಲ್ಲು. ಹರ್ಕ್ಯುಲಿಸ್, ರ್‍ಯಾಲಿ, ಅಟ್ಲಾಸ್, ಹೀರೋ ಯಾವುದೇ ಇರಲಿ, ತಗಡಿನ ಅಗಲ ಮಡ್ಗಾರ್ಡು, ಚೈನಿಗೆ ಕವರು, ಹಿಂದೆ ಕ್ಯಾರಿಯರು ಎಲ್ಲವೂ ಹುಟ್ಟುವಾಗಲೇ ಜೊತೆಗೆ ಬರುತ್ತಿದ್ದವು. ಹಿಂದಿನ ಮಡ್ಗಾರ್ಡಿನ ತುದಿಗೆ ಬಿಳಿ ಬಣ್ಣ ಬಳಿದು ಕೆಂಪು ಗಾಜು ಕೂರಿಸಿರುತ್ತಿದ್ದರು, ಕತ್ತಲಲ್ಲಿ ಹಿಂದಿನಿಂದ ಬರುವ ಲಾರಿಗೆ ಕಾಣಲಿ ಅಂತ. ಸರ್ಕಾರ 2006-07ರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಕೊಡಲು ಶುರುಮಾಡಿದ, ಕೊರೊನಾ ಕಾಲದಲ್ಲಿ ನಿಂತುಹೋದ ಆ ಪುಕ್ಕಟೆ ಸೈಕಲ್ಲಿಗೂ ಮಡ್ಗಾರ್ಡು ಇತ್ತು. ಅದರ ನಟ್ಟು ಬೋಲ್ಟುಗಳ ಬಗ್ಗೆ ಜನ ಆಡದ ಮಾತಿಲ್ಲ. ಆದರೆ ಬೆನ್ನ ಮೇಲೆ ರಾಡಿ ಹಾರುತ್ತದೆ ಅಂತ ಮಾತ್ರ ಯಾರೂ ದೂರಲಿಲ್ಲ. ಪುಕ್ಕಟೆ ಸೈಕಲ್ಲಿಗೆ ಇದ್ದದ್ದು ಹತ್ತು ಸಾವಿರದ ಸೈಕಲ್ಲಿಗೆ ಯಾಕಿಲ್ಲ?

ಕಂಪನಿಯವರ ಜಿಪುಣತನ ಅಂದುಬಿಡಬಹುದು. ಅದೂ ಇದ್ದೀತು. ಆದರೆ ಮೂಲ ಬೇರೆ ಇದೆ, ಅದನ್ನು ನೋಡಬೇಕಾದರೆ ಘಟ್ಟ ಬಿಟ್ಟು ಅಮೆರಿಕದ ತನಕ ಹೋಗಿ ಬರಬೇಕು.

ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪೇಟೆಯ ಉತ್ತರಕ್ಕೆ ಮರೀನ್ ಕೌಂಟಿ ಅಂತ ಒಂದು ಗುಡ್ಡಗಾಡು ಜಿಲ್ಲೆ. 1970ರ ದಶಕದಲ್ಲಿ ಅಲ್ಲಿಯ ಕೆಲವು ಹುಡುಗರು 1930-40ರ ಕಾಲದ ಹಳೇ ದಪ್ಪ ಟೈರಿನ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿಕೊಂಡು ಬಂದು ಗುಡ್ಡದಿಂದ ಕೆಳಗೆ ಬಿಡುವ ಆಟ ಹಚ್ಚಿಕೊಂಡರು. ಸೈಕಲ್ಲು ಕೈಗೆ ಬಂದ ಕೂಡಲೆ ಅವರು ಮಾಡುತ್ತಿದ್ದ ಕೆಲಸ ಅಂದರೆ ಮಡ್ಗಾರ್ಡು ಮತ್ತು ಅಲಂಕಾರದ ತಗಡುಗಳನ್ನೆಲ್ಲ ಕಿತ್ತು ಒಗೆಯುವುದು, ಭಾರ ಕಡಿಮೆಯಾಗಲಿ, ಗಡಗಡ ಸದ್ದು ನಿಲ್ಲಲಿ ಅಂತ. 1976ರ ಅಕ್ಟೋಬರಿನಲ್ಲಿ ಚಾರ್ಲಿ ಕೆಲ್ಲಿ ಎಂಬುವರು ಗಡಿಯಾರ ಹಿಡಿದು ಪಂದ್ಯವನ್ನೇ ನಡೆಸಿದರು. ಆ ಇಳಿಜಾರಿಗೆ ‘ರೀಪ್ಯಾಕ್’ ಅಂತ ಹೆಸರು. ಯಾಕೆಂದರೆ ಪೆಡಲ್ಲು ಹಿಂದೆ ತುಳಿದು ಹಿಡಿಯುವ ಬ್ರೇಕು ಇಳಿಯುವಷ್ಟರಲ್ಲಿ ಕಾದು ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲ ಹೊಸದಾಗಿ ಗ್ರೀಸು ತುಂಬಬೇಕಿತ್ತು. ಅಲ್ಲಿ ಓಡಿಸುತ್ತಿದ್ದ ಜೋ ಬ್ರೀಜ್, ಗ್ಯಾರಿ ಫಿಷರ್ ಮುಂತಾದವರೇ ಮುಂದೆ ಈ ಜಾತಿಯ ಸೈಕಲ್ಲು ಕಟ್ಟಿ ಮಾರಿದರು. 1981ರಲ್ಲಿ ಸ್ಟಂಪ್‌ಜಂಪರ್ ಎಂಬ ಸೈಕಲ್ಲು ಕಾರ್ಖಾನೆಯಿಂದಲೇ ಸಾಲಾಗಿ ಬಂತು. ಆಮೇಲೆ ಲೋಕವೆಲ್ಲ ಅದೇ ನಮೂನೆ. ಮಡ್ಗಾರ್ಡು ಇಲ್ಲದ ಆ ಬರಿಮೈ ರೂಪವೇ ಅದರ ಠೀವಿ ಆಯಿತು.

ಇಲ್ಲಿ ಗಮನಿಸಬೇಕಾದ್ದು ಆ ಸೀಮೆಯ ಮಳೆಯನ್ನು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಜೂನಿನಿಂದ ಸೆಪ್ಟೆಂಬರಿನ ತನಕ, ನಮ್ಮಲ್ಲಿ ಆಕಾಶ ತೂತಾಗುವ ಕಾಲಕ್ಕೆ, ಅಲ್ಲಿ ಹೆಚ್ಚು ಕಡಿಮೆ ಹನಿಯೂ ಇಲ್ಲ, ಗುಡ್ಡವೆಲ್ಲ ಒಣಹುಲ್ಲು ಮತ್ತು ಧೂಳು. ಶಿರಸಿ ತಾಲೂಕಿಗೆ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಹಳೇ ಲೆಕ್ಕದಲ್ಲಿ ನೂರು ಇಂಚು. ಮತ್ತಿಘಟ್ಟದಂಥ ಘಟ್ಟದ ಅಂಚಿಗೆ ಅದಕ್ಕೂ ಮೇಲೆ. ಅದರಲ್ಲೂ ಬಹುಪಾಲು ಮೃಗಶಿರದಿಂದ ಆಶ್ಲೇಷದೊಳಗೆ ಸುರಿದುಹೋಗುತ್ತದೆ. ಒಣ ಗುಡ್ಡದಲ್ಲಿ ರವಿವಾರದ ಆಟಕ್ಕೆ ಹುಟ್ಟಿದ ಸೈಕಲ್ಲನ್ನು ಆರಿದ್ರೆ ಮಳೆಯಲ್ಲಿ ಸೋಮವಾರ ಬೆಳಿಗ್ಗೆ ಯೂನಿಫಾರ್ಮು ಹಾಕಿಕೊಂಡು ಓಡಿಸಿದರೆ ಪಟ್ಟೆ ಬೀಳದೆ ಇನ್ನೇನು ಬೀಳುತ್ತದೆ? ನಮ್ಮ ರಾಜ್ಯಕ್ಕೇ ಹೆಸರು ತಂದ ಸೈಕಲ್ ಪಟುಗಳ ತವರು ವಿಜಯಪುರ, ಬಾಗಲಕೋಟೆ ಸೀಮೆ. ಅಲ್ಲಿ ಬಯಲು, ಮಳೆ ಕಡಿಮೆ. ಅಲ್ಲಿಯವರಿಗೆ ಈ ಚರ್ಚೆಯೇ ನಗೆಪಾಟಲು ಅನ್ನಿಸೀತು.

ರಾಡಿ ಎಷ್ಟು ಎತ್ತರ ಹಾರುತ್ತದೆ?

ಪಿಯುಸಿ ಅರ್ಧಕ್ಕೆ ಬಿಟ್ಟವನಾದರೂ ಫಿಸಿಕ್ಸಿನ ಈ ಒಂದು ಲೆಕ್ಕ ನನಗೆ ಮರೆತಿಲ್ಲ. ಮೇಲಕ್ಕೆ ಎಸೆದ ವಸ್ತು ಎಷ್ಟು ಎತ್ತರ ಹೋಗುತ್ತದೆ ಎಂಬುದು ಎಸೆದ ವೇಗದ ವರ್ಗಕ್ಕೆ ಸರಿಯಾಗಿ ಇರುತ್ತದೆ. ಚಕ್ರಕ್ಕೆ ಅಂಟಿದ ನೀರು ಬಿಟ್ಟು ಹಾರುವಾಗ ಚಕ್ರದ ಸುತ್ತಿನ ವೇಗದಲ್ಲೇ ಹಾರುತ್ತದೆ. ತಾಸಿಗೆ ಹತ್ತು ಕಿಲೋಮೀಟರಿನಲ್ಲಿ ಹೋದರೆ ಚಕ್ರದ ನಡುಮಟ್ಟದಿಂದ ಮೇಲಕ್ಕೆ ಹೆಚ್ಚೆಂದರೆ ಒಂದೂಕಾಲು ಅಡಿ. ಅದು ಸೀಟಿನ ಅಡಿಗೇ ನಿಲ್ಲುತ್ತದೆ, ಪ್ಯಾಂಟಿಗೆ ಅಷ್ಟಿಷ್ಟು ತಾಗೀತು. ವೇಗ ಇಪ್ಪತ್ತಕ್ಕೆ ಏರಿತೋ, ಎತ್ತರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಂದರೆ ಐದು ಅಡಿ. ಕುಳಿತ ಸವಾರನ ತಲೆಯ ಮಟ್ಟಕ್ಕೂ ಮೇಲೆ. ಮೂವತ್ತಕ್ಕೆ ಲೆಕ್ಕ ಹಾಕಿದರೆ ಹನ್ನೊಂದು ಅಡಿ ದಾಟುತ್ತದೆ, ಗಾಳಿ ತಡೆಯುವುದರಿಂದ ಅಷ್ಟು ಹೋಗಲಿಕ್ಕಿಲ್ಲ ಅಷ್ಟೇ. ಏರು ಹತ್ತುವವನ ಅಂಗಿ ಯಾಕೆ ಸ್ವಚ್ಛ ಇರುತ್ತದೆ, ಇಳಿದು ಬಂದವನದು ಯಾಕೆ ಹಾಳಾಗುತ್ತದೆ ಎಂಬುದಕ್ಕೆ ಇಷ್ಟೇ ಕಾರಣ. ನಮ್ಮ ದಾರಿಯಲ್ಲಿ ಇಳಿಜಾರಿಗೆ ಮೂವತ್ತು ತಾನಾಗಿಯೇ ಬರುತ್ತದೆ, ಪೆಡಲ್ಲು ತುಳಿಯುವುದೇ ಬೇಡ.

ಹಿಂದಿನ ಚಕ್ರದ ರಾಡಿ ಬೆನ್ನಿಗೆ ಹೋದರೆ ಮುಂದಿನ ಚಕ್ರದ್ದು ಎಲ್ಲಿಗೆ? ಚಕ್ರದ ತಲೆಯ ಹತ್ತಿರ ಬಿಟ್ಟ ಹನಿ ಸೈಕಲ್ಲಿಗಿಂತ ಜೋರಾಗಿ ಮುಂದಕ್ಕೂ ಮೇಲಕ್ಕೂ ಚಿಮ್ಮುತ್ತದೆ. ಗಾಳಿ ಅದನ್ನು ತಡೆದು ನಿಲ್ಲಿಸುತ್ತದೆ. ಅಷ್ಟರಲ್ಲಿ ಸವಾರ ಹಿಂದಿನಿಂದ ಬಂದು ಅದಕ್ಕೇ ಮುಖ ಕೊಡುತ್ತಾನೆ. ಕಣ್ಣಿಗೆ ಕೆಂಪು ನೀರು ಬಿದ್ದರೆ ಯಾರೇ ಆಗಲಿ ಕಣ್ಣು ಮುಚ್ಚಲೇಬೇಕು, ಒಂದು ಕೈ ಒರೆಸಿಕೊಳ್ಳಲು ಏಳಲೇಬೇಕು. ತಾಸಿಗೆ ಮೂವತ್ತರಲ್ಲಿ ಒಂದು ಸೆಕೆಂಡು ಕಣ್ಣು ಮುಚ್ಚಿದರೆ ಇಪ್ಪತ್ತೇಳು ಅಡಿ ಕುರುಡು ಸವಾರಿ. ತಿರುವಿನಾಚೆ ಸಂಕವೋ, ದನವೋ, ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಮೋಟರ್ ಸೈಕಲ್ಲೋ ಇರುವ ದಾರಿಯಲ್ಲಿ ಇಪ್ಪತ್ತೇಳು ಅಡಿ ಅಂದರೆ ಸಣ್ಣ ಮಾತಲ್ಲ. ಜನ ಹಿಂದಿನ ಮಡ್ಗಾರ್ಡಿನ ಬಗ್ಗೆ ಮಾತಾಡುತ್ತಾರೆ, ಅಂಗಿ ಹಾಳಾಗುವುದು ಕಣ್ಣಿಗೆ ಕಾಣುತ್ತದಲ್ಲ. ನನ್ನ ಮಟ್ಟಿಗೆ ಮೊದಲು ಬೇಕಾದ್ದು ಮುಂದಿನದು.

ಇನ್ನೊಂದು ಸಂಗತಿ ಹೇಳಿದರೆ ಕೆಲವರು ಮೂಗು ಮುರಿದಾರು, ಆದರೂ ಹೇಳಬೇಕು. ನಮ್ಮ ದಾರಿಯ ರಾಡಿ ಬರೀ ಮಣ್ಣು-ನೀರಲ್ಲ. ಬೆಳಿಗ್ಗೆ ಮೇಯಲು ಬಿಟ್ಟ ದನ ಅದೇ ದಾರಿಯಲ್ಲಿ ಹೋಗುತ್ತವೆ, ಅಲ್ಲೇ ಸಗಣಿ ಹಾಕುತ್ತವೆ. ಚಕ್ರ ಅದನ್ನೂ ಸೇರಿಸಿಯೇ ಎತ್ತಿ ಎಸೆಯುತ್ತದೆ. ಉಸಿರು ಬಿಡುತ್ತ ಬಾಯಿ ತೆರೆದು ಓಡಿಸುವವನ ಬಾಯಿಗೆ, ಚಾಸಿಗೆ ಸಿಕ್ಕಿಸಿದ ನೀರಿನ ಬಾಟಲಿಯ ಮೂತಿಗೆ. 2007ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಸರು ದಾರಿಯ ಸೈಕಲ್ ಪಂದ್ಯವೊಂದು ಮುಗಿದ ಮೇಲೆ ಇನ್ನೂರಕ್ಕೂ ಹೆಚ್ಚು ಸವಾರರಿಗೆ ಹೊಟ್ಟೆ ಕೆಟ್ಟು ಭೇದಿ ಹಿಡಿಯಿತು. ಆರೋಗ್ಯ ಇಲಾಖೆಯವರು ತನಿಖೆ ಮಾಡಿ ನೋಡಿದರೆ, ಊಟದಿಂದಲ್ಲ, ಬಾಯಿಗೆ ಹಾರಿದ ಕೆಸರಿನಿಂದ ಬಂದ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು. ಮರುವರ್ಷ, 2008ರಲ್ಲಿ, ಬ್ರಿಟನ್ನಿನ ವೇಲ್ಸ್ ಸೀಮೆಯ ಬಿಲ್ತ್ ವೆಲ್ಸ್ ಎಂಬಲ್ಲಿಯೂ ಅದೇ ಕಥೆ, ಅಲ್ಲಿ ಕುರಿ ಮೇಯುವ ಗುಡ್ಡ. ನಮ್ಮ ಕಡೆ ಇದರ ಜೊತೆಗೆ ಇಲಿ ಜ್ವರದ ಹೆದರಿಕೆಯೂ ಇದೆ. ಇಲಿಯ, ದನದ, ನಾಯಿಯ ಉಚ್ಚೆ ಸೇರಿದ ಮಳೆನೀರು ಗಾಯಕ್ಕೋ ಕಣ್ಣಿಗೋ ಬಾಯಿಗೋ ತಾಗಿದರೆ ಬರುವ ಜ್ವರ ಅದು. ಉಂಬಳ ಕಚ್ಚಿ ಕಾಲೆಲ್ಲ ತೂತಾಗಿರುವ ತಿಂಗಳುಗಳಲ್ಲೇ ಈ ರಾಡಿಯೂ ಹಾರುತ್ತದೆ. ಮಡ್ಗಾರ್ಡು ಹಾಕಿದರೆ ಜ್ವರ ಬರುವುದಿಲ್ಲ ಅಂತ ನಾನು ಬರೆದೆನೆಂದು ಯಾರೂ ಹೇಳಬಾರದು, ತೋಟದಲ್ಲಿ ಬರಿಗಾಲಲ್ಲಿ ಓಡಾಡುವವನಿಗೆ ಅದು ಬೇರೆ ದಾರಿಯಿಂದಲೂ ಬಂದೀತು. ಬಾಯಿಗೆ, ಕಣ್ಣಿಗೆ ನೇರ ಬಂದು ಬೀಳುವುದಾದರೂ ಕಡಿಮೆಯಾಗುತ್ತದೆ.

ಸೈಕಲ್ಲಿಗೆ ಆಗುವ ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಕೆಂಪು ಮಣ್ಣಿನೊಳಗಿನ ಸಣ್ಣ ಹರಳು ಎಣ್ಣೆ ಸೇರಿದ ಚೈನಿಗೆ ಅಂಟಿತೆಂದರೆ ಅರೆಯುವ ಕಲ್ಲಿನ ಹಾಗೆ ಕೆಲಸ ಮಾಡುತ್ತದೆ. ಮುಂದಿನ ಚಕ್ರ ಎಸೆಯುವ ರಾಡಿ ಹೋಗಿ ಬೀಳುವುದು ಪೆಡಲ್ಲಿನ ಬುಡಕ್ಕೆ, ಅಲ್ಲಿರುವ ಬೇರಿಂಗಿಗೆ ಮತ್ತು ಚೈನಿಗೆ. ಮಡ್ಗಾರ್ಡಿನ ತುದಿಗೆ ಒಂದು ಉದ್ದ ರಬ್ಬರಿನ ನಾಲಗೆ ಇದ್ದರೆ ಇದರಲ್ಲಿ ಬಹಳಷ್ಟು ಅಲ್ಲೇ ತಡೆಯುತ್ತದೆ. ಪೂರ್ತಿ ತಡೆಯುವುದಿಲ್ಲ. ವಾರಕ್ಕೊಮ್ಮೆ ತೊಳೆದು ಒರೆಸಿ ಎಣ್ಣೆ ಬಿಡುವ ಕೆಲಸ ತಪ್ಪಿದ್ದಲ್ಲ. ರಿಮ್ಮು ಹಿಡಿಯುವ ರಬ್ಬರಿನ ಬ್ರೇಕಾದರೆ ಅದರ ರಬ್ಬರು ಮಳೆಗಾಲದಲ್ಲಿ ಸವೆಯುವುದನ್ನು ಮಡ್ಗಾರ್ಡೂ ನಿಲ್ಲಿಸಲಾರದು.

ಬೇಡ ಅನ್ನುವವರ ಮಾತೂ ಕೇಳಿ

ಇಷ್ಟು ಹೇಳಿದ ಮೇಲೆ ಎದುರು ಪಕ್ಷದವರನ್ನು ಕೇಳದಿದ್ದರೆ ಅನ್ಯಾಯ. ಅವರು ಹೇಳುವುದರಲ್ಲಿ ತೂಕ ಇದೆ. ಕರಿ ಸೈಕಲ್ಲಿನ ತಗಡಿನ ಮಡ್ಗಾರ್ಡಿಗೂ ಟೈರಿಗೂ ನಡುವೆ ಇರುತ್ತಿದ್ದದ್ದು ಒಂದು ಬೆರಳು ಜಾಗ. ಅದು ನುಣುಪು ಟೈರು. ಈಗಿನ ದಪ್ಪ ಟೈರಿಗೆ ಹಲ್ಲುಗಳಿವೆ, ಅವು ಮಣ್ಣನ್ನು ಕಚ್ಚಿಕೊಂಡೇ ಮೇಲೆ ಬರುತ್ತವೆ. ಕಲ್ಲು ಬೆರೆತ ಕೆಂಪು ಮಣ್ಣಿನ ದಾರಿಯಲ್ಲಿ ಅಷ್ಟು ತೊಂದರೆ ಇಲ್ಲ, ಅದು ಸಡಿಲ ಮಣ್ಣು, ನೀರಿನ ಜೊತೆ ಹರಿದುಹೋಗುತ್ತದೆ. ಗದ್ದೆಯ ಅಂಚಿಗೆ, ತೋಟದ ಒಳದಾರಿಗೆ ಇಳಿಸಿದರೆ ಅಲ್ಲಿ ಜೇಡಿ. ಜೇಡಿಯ ಜೊತೆಗೆ ದರಕು. ಎರಡೂ ಸೇರಿ ಟೈರಿಗೂ ಮಡ್ಗಾರ್ಡಿಗೂ ನಡುವೆ ಮೆತ್ತಿಕೊಂಡರೆ ನೂರು ಮಾರು ಹೋಗುವುದರೊಳಗೆ ಚಕ್ರ ತಿರುಗುವುದನ್ನೇ ಬಿಡುತ್ತದೆ. ಆಮೇಲೆ ಕಡ್ಡಿ ಹಿಡಿದು ಕೆದರುತ್ತ ಕೂರಬೇಕು, ಬಸ್ಸು ಹೋದ ಸದ್ದು ಕೇಳುತ್ತ.

ಇದಕ್ಕಿಂತ ದೊಡ್ಡ ಅಪಾಯ ಟೊಂಗೆ ಚೂರಿನದ್ದು. ಗಾಳಿ-ಮಳೆಗೆ ದಾರಿ ತುಂಬಾ ಬೆರಳು ಗಾತ್ರದ ಟೊಂಗೆಗಳು ಬಿದ್ದಿರುತ್ತವೆ. ಚಕ್ರ ಅದರ ತುದಿ ತುಳಿದರೆ ಅದು ಎದ್ದು ಮಡ್ಗಾರ್ಡಿನ ಸರಳಿಗೂ ಚಕ್ರದ ಕಡ್ಡಿಗಳಿಗೂ ನಡುವೆ ಸಿಕ್ಕಿಕೊಳ್ಳಬಹುದು. ಹಿಂದಿನ ಚಕ್ರವಾದರೆ ಸೈಕಲ್ಲು ಎಳೆದುಕೊಂಡು ನಿಲ್ಲುತ್ತದೆ. ಮುಂದಿನದಾದರೆ ಚಕ್ರ ಗಕ್ಕನೆ ನಿಂತು ಸವಾರ ಹ್ಯಾಂಡಲ್ಲಿನ ಮೇಲಿಂದ ಹಾರಿ ಬೀಳುತ್ತಾನೆ. ಇದೇ ಕಾರಣಕ್ಕೆ ಹೊರದೇಶದ ಒಳ್ಳೆಯ ಮಡ್ಗಾರ್ಡುಗಳಲ್ಲಿ, ಏನಾದರೂ ಸಿಕ್ಕರೆ ಸರಳು ತಾನಾಗಿ ಕಳಚಿಕೊಳ್ಳುವ ಪ್ಲಾಸ್ಟಿಕ್ ಕೊಂಡಿ ಇಟ್ಟಿರುತ್ತಾರೆ. ನಮ್ಮ ಪೇಟೆಯಲ್ಲಿ ಸಿಗುವ ಅಗ್ಗದ ತಗಡಿನದರಲ್ಲಿ ಅಂಥದ್ದೇನೂ ಇರುವುದಿಲ್ಲ. ಹಾಗಾಗಿ ಕಾಡುದಾರಿಯಲ್ಲಿ ಸೈಕಲ್ಲು ಬಿಡುವವರು ಮುಂದಿನ ಚಕ್ರಕ್ಕೆ ತಗಡು, ಉದ್ದ ಸರಳು ಬೇಡ ಅಂದರೆ ಅವರ ಮಾತು ಸರಿ.

ರಜೆ ದಿವಸ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಂದು, ಜಲಪಾತದ ದಾರಿಯಲ್ಲಿ ಸೈಕಲ್ಲು ಬಿಟ್ಟು, ಮೈತುಂಬಾ ರಾಡಿ ಮಾಡಿಕೊಂಡು ಫೋಟೋ ತೆಗೆಸಿಕೊಳ್ಳುವವರಿಗೆ ಮಡ್ಗಾರ್ಡು ಬೇಡವೇ ಬೇಡ. ರಾಡಿಗೆಂದೇ ಅವರು ಬಂದದ್ದು, ಸಂಜೆ ಬಿಸಿನೀರು ಇದೆ. ನಮ್ಮ ಹುಡುಗರು ಅವರನ್ನು ನೋಡಿಯೇ ಕಲಿಯುತ್ತಾರೆ ಅನ್ನುವುದು ಒಂದು ತಮಾಷೆ. ಅದೇ ಅಂಗಿಯಲ್ಲಿ ಇವರು ಸಂಜೆ ನಾಲ್ಕೂವರೆಯ ತನಕ ಬೆಂಚಿನ ಮೇಲೆ ಕೂತಿರಬೇಕು. ಅಷ್ಟಾಗಿ, ಈಗ ಜಗತ್ತಿನ ದೊಡ್ಡ ಇಳಿಜಾರು ಪಂದ್ಯಗಳಲ್ಲೂ ಸವಾರರು ಮುಂದಿನ ಫೋರ್ಕಿನ ನಡುವೆ ಗೇಣುದ್ದದ ಒಂದು ಪ್ಲಾಸ್ಟಿಕ್ ತುಂಡು ಕಟ್ಟಿಕೊಂಡೇ ಇಳಿಯುತ್ತಾರೆ, ಕಣ್ಣಿಗೆ ರಾಡಿ ಬೀಳಬಾರದು ಅಂತ. ಠೀವಿ ಹಾಳಾಗುತ್ತದೆ ಅನ್ನುವ ಹುಡುಗರಿಗೆ ಅಪ್ಪಂದಿರು ಇದನ್ನು ಹೇಳಬಹುದು.

ಹಾಗಾದರೆ ಯಾವುದು ಹಾಕಿಸಬೇಕು? ಪೇಟೆಯಲ್ಲಿ ಮುನ್ನೂರರಿಂದ ಆರುನೂರಕ್ಕೆ ಸಿಗುವುದರಲ್ಲಿ ಅರ್ಧಕ್ಕರ್ಧ ಹಕ್ಕಿಯ ಕೊಕ್ಕಿನಂಥ ಗಿಡ್ಡ ತುಂಡುಗಳು. ಸೀಟಿನ ಪೈಪಿಗೆ ಕಚ್ಚಿಸಿ ಮೇಲಕ್ಕೆ ಎತ್ತಿ ನಿಲ್ಲಿಸುವಂಥವು. ನೋಡಲು ಚೆಂದ. ಎರಡು ಹೊಂಡ ಹಾರಿಸಿದರೆ ಪಕ್ಕಕ್ಕೆ ತಿರುಗಿ ಕೂರುತ್ತವೆ, ಪಟ್ಟೆ ಬೆನ್ನ ನಡುವಿನ ಬದಲು ಬಲಗಡೆ ಬೀಳುತ್ತದೆ. ಅದಕ್ಕೆ ದುಡ್ಡು ಕೊಡುವುದು ದಂಡ. ಹಿಂದಿನದು ಚಕ್ರದ ಮೇಲೆ ಬಾಗಿ ಹಿಂದಿನ ತನಕ ಇಳಿದು ಬಂದಿರಬೇಕು, ಎರಡೂ ಬದಿಗೆ ಆಧಾರ ಇರಬೇಕು, ಟೈರಿಗಿಂತ ಒಂದು ಬೆರಳಾದರೂ ಅಗಲ ಇರಬೇಕು. ಪ್ಲಾಸ್ಟಿಕ್ಕಾದರೆ ಒಳ್ಳೆಯದು. ಬಿದ್ದರೆ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ, ಸದ್ದೂ ಕಡಿಮೆ. ಟೈರಿನ ಹಲ್ಲಿಗೂ ಅದಕ್ಕೂ ನಡುವೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಜಾಗ ಬಿಡಿಸಿ. ಅಂಗಡಿಯವನು ಹತ್ತಿರ ಕೂರಿಸಿ “ಫಿಟ್ಟಾಗಿ ಕೂತ್ತು ನೋಡಿ” ಅಂದರೆ ಒಪ್ಪಬೇಡಿ.

ಮುಂದಿನದರಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಮಂದಿಗೆ ತಿಳಿಯದ್ದು. ಶಾಕಬ್ಸಾರು ಇರುವ ಸೈಕಲ್ಲಿನಲ್ಲಿ ಹೊಂಡಕ್ಕೆ ಬಿದ್ದಾಗ ಚಕ್ರ ಮೂರು-ನಾಲ್ಕು ಇಂಚು ಮೇಲೆದ್ದು ಬರುತ್ತದೆ. ಮಡ್ಗಾರ್ಡನ್ನು ಹ್ಯಾಂಡಲ್ಲಿನ ಬುಡದ ಪೈಪಿಗೆ ಕೂರಿಸಿದರೆ ಅದು ಚಕ್ರದ ಜೊತೆ ಏಳುವುದಿಲ್ಲ. ತಗ್ಗಿಸಿ ಕಟ್ಟಿದರೆ ಟೈರು ಹೊಡೆಯುತ್ತದೆ. ಎತ್ತರಿಸಿ ಕಟ್ಟಿದರೆ ರಾಡಿ ಅಡಿಯಿಂದ ನುಸುಳುತ್ತದೆ. ಅದರ ಬದಲು ಫೋರ್ಕಿನ ಕೆಳಭಾಗ, ಚಕ್ರದ ಜೊತೆಗೇ ಏಳುವ ಭಾಗ ಇದೆಯಲ್ಲ, ಅದಕ್ಕೆ ಕಟ್ಟುವ ನಮೂನೆಯದು ತೆಗೆದುಕೊಳ್ಳಿ. ಅದು ಚಕ್ರ ಎಲ್ಲಿ ಹೋದರೂ ಹಿಂದೆಯೇ ಹೋಗುತ್ತದೆ. ಅಂಥದ್ದರಲ್ಲಿ ಉದ್ದ ಸರಳಿನ ಕಾಟವೂ ಇಲ್ಲ.

ದುಡ್ಡು ಹಾಕಲು ಮನ ಒಪ್ಪದವರಿಗೆ ಮನೆಮದ್ದೂ ಉಂಟು. ಮೊದಲು ಎಲ್ಲರಿಗೂ ಹೊಳೆಯುವುದು ಅಡಿಕೆ ಹಾಳೆ. ಅಂಗಳದಲ್ಲಿ ಬಿದ್ದಿರುತ್ತದೆ, ಚಕ್ರದ ಹಾಗೇ ಬಾಗಿಯೂ ಇರುತ್ತದೆ. ಆದರೆ ನೀರಿಗೆ ಬಿದ್ದ ಹಾಳೆ ಮೆತ್ತಗಾಗುತ್ತದೆ, ತಟ್ಟೆ ಮಾಡುವವರು ಅದನ್ನು ನೆನೆಸುವುದೇ ಅದಕ್ಕಾಗಿ. ಎರಡು ದಿನದಲ್ಲಿ ಜೋತುಬಿದ್ದು ಟೈರಿಗೆ ಉಜ್ಜುತ್ತದೆ. ಐದು ಲೀಟರಿನ ಎಣ್ಣೆ ಕ್ಯಾನು ಅದಕ್ಕಿಂತ ವಾಸಿ. ಅದರ ಪಕ್ಕವನ್ನು ಕತ್ತರಿಸಿ ಗೇಣು ಅಗಲ, ಮೊಳದ ಹತ್ತಿರ ಉದ್ದದ ತುಂಡು ಮಾಡಿ, ಅಂಚು ಸವರಿ, ನಾಲ್ಕು ತೂತು ಹಾಕಿ, ಕರೆಂಟಿನವರು ವೈರು ಕಟ್ಟುವ ಪ್ಲಾಸ್ಟಿಕ್ ಟ್ಯಾಗಿನಿಂದ ಮುಂದಿನ ಫೋರ್ಕಿಗೆ ಬಿಗಿದರೆ ಮುಖದ ಮೇಲಿನ ರಾಡಿ ಅರ್ಧ ನಿಂತಿತು. ಅಂಥದ್ದೇ ಇನ್ನೊಂದನ್ನು ಚಾಸಿಯ ಕೆಳಗಿನ ಓರೆ ಪೈಪಿನ ಅಡಿಗೆ ಕಟ್ಟಿದರೆ ಕಾಲಿಗೂ ಚೈನಿಗೂ ಆಯಿತು. ಖರ್ಚು ಟ್ಯಾಗಿನದ್ದು ಮಾತ್ರ. ಬ್ರೇಕಿನ ವೈರಿಗೆ ತಾಗದ ಹಾಗೆ ಕಟ್ಟಬೇಕು, ಹ್ಯಾಂಡಲ್ಲು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಹಿಂದಿನ ಚಕ್ರಕ್ಕೆ ಮಾತ್ರ ಈ ಉಪಾಯ ಅಷ್ಟು ಸೊಗಸಲ್ಲ, ಕ್ಯಾರಿಯರು ಇದ್ದರೆ ಅದರ ಮೇಲೊಂದು ಹಲಗೆಯೋ ತಗಡೋ ಬಿಗಿಯಬಹುದು.

ಮಡ್ಗಾರ್ಡಿನಿಂದ ಆಗದ ಕೆಲಸವೂ ಒಂದಿದೆ. ಎದುರಿನಿಂದ ಬರುವ ಬಸ್ಸು ಹೊಂಡಕ್ಕೆ ಇಳಿದು ಎಬ್ಬಿಸುವ ರಾಡಿಗೆ ಯಾವ ಕಂಪನಿಯ ಮಡ್ಗಾರ್ಡೂ ಇಲ್ಲ. ಗಟಾರ ಇಲ್ಲದ ರಸ್ತೆಯಲ್ಲಿ ನೀರು ರಸ್ತೆಯ ಮೇಲೆಯೇ ಹರಿಯುತ್ತದೆ. ಕುಡಿಯುವ ನೀರಿನ ಪೈಪಿಗೆಂದು ಅಂಚು ಅಗೆದವರು ಮಣ್ಣು ಸರಿಯಾಗಿ ಮುಚ್ಚದೆ ಹೋದರೆ ಮೊದಲ ಮಳೆಗೆ ಅದೂ ರಸ್ತೆಗೇ ಬರುತ್ತದೆ. ಆ ಹೊಂಡಗಳ ಲೆಕ್ಕವನ್ನು ಬಸ್ಸಿನಲ್ಲಿ ಓಡಾಡುವ ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ. ಅದರ ಸಮಾಚಾರ ಇನ್ನೊಂದು ದಿನಕ್ಕಿರಲಿ.

ಮನೆಯಿಂದ ಬಸ್ಸಿಗೆ, ಹೈಸ್ಕೂಲಿಗೆ, ಅಂಗಡಿಗೆ, ಹಾಲು ಹಾಕಲಿಕ್ಕೆ ಅಂತ ಓಡಿಸುವ ಸೈಕಲ್ಲಿಗೆ ಎರಡೂ ಚಕ್ರಕ್ಕೆ ಹಾಕಿಸಿ ಅಂತಲೇ ನಾನು ಹೇಳುವುದು. ಗೇರಿನ ಆಸೆಗೆ ಇನ್ನೂ ಎರಡು ಸಾವಿರ ಮೇಲೆ ಕೊಡಲು ತಯಾರಿರುವವರು ಮಡ್ಗಾರ್ಡಿನ ನಾಲ್ಕುನೂರಕ್ಕೆ ಚೌಕಾಶಿ ಮಾಡುವುದು ನನಗೆ ಸರಿ ಕಂಡಿಲ್ಲ. ರವಿವಾರ ಬೆಟ್ಟದ ದಾರಿಗೆ ಇಳಿಸುವ ಹುಡುಗರು ಅವತ್ತಿನ ಮಟ್ಟಿಗೆ ಕಳಚಿ ಇಡಲಿ, ಹಾಗೆ ಕಳಚಲು ಬರುವಂಥದ್ದನ್ನೇ ಕೊಳ್ಳಲಿ. ದೀಪಾವಳಿ ಕಳೆದ ಮೇಲೆ ಬೇಕಾದರೆ ತೆಗೆದು ಅಟ್ಟಕ್ಕೆ ಹಾಕಿ, ಮೇ ಕೊನೆಗೆ ಮತ್ತೆ ಹುಡುಕಿದರಾಯಿತು. ಕೆಂಪು ಗಾಜು ಹಿಂದಿನ ಮಡ್ಗಾರ್ಡಿನ ಮೇಲಿದ್ದರೆ ತೆಗೆದಾಗ ಅದನ್ನು ಸೀಟಿನ ಪೈಪಿಗೆ ಕಟ್ಟಲು ಮರೆಯಬಾರದು. ಬೆಳಿಗ್ಗೆ ಮಂಜು ಕವಿದಿರುವ ತಿಂಗಳುಗಳು ಆಮೇಲೆ ಬರುವಂಥವು.

ಮುಂದಿನ ಮೇ ತಿಂಗಳಲ್ಲಿ ಸೈಕಲ್ಲು ಕೊಳ್ಳುವವರು ದುಡ್ಡು ಎಣಿಸುವ ಮುಂಚೆ ಬಗ್ಗಿ ಒಂದು ನೋಡಿ. ಹಿಂದಿನ ಚಕ್ರದ ನಟ್ಟಿನ ಹತ್ತಿರ, ಚಾಸಿಯಲ್ಲಿ, ಎರಡೂ ಬದಿಗೆ ಒಂದೊಂದು ಸಣ್ಣ ಮರೆಯ ತೂತು ಇರಬೇಕು. ಮಡ್ಗಾರ್ಡಿನ, ಕ್ಯಾರಿಯರಿನ ಬೋಲ್ಟು ಕೂರುವುದು ಅಲ್ಲಿಯೇ. ಕೆಲವು ಚಾಸಿಯಲ್ಲಿ ಆ ತೂತೇ ಇರುವುದಿಲ್ಲ. ಅಂಥದ್ದಕ್ಕೆ ಆಮೇಲೆ ಏನು ಹಾಕಿಸಿದರೂ ಪಟ್ಟಿ ಸುತ್ತಿ ಕಟ್ಟುವ ಕೆಲಸವೇ. ತೂತು ಇದ್ದರೆ ಮಡ್ಗಾರ್ಡು ಅಲ್ಲೇ ಕೂರಿಸಿ ಕೊಡಲು ಹೇಳಿ, ಬಿಲ್ಲಿನಲ್ಲೇ ಸೇರಿಸಿ. ಹತ್ತು ಸಾವಿರದ ಗಿರಾಕಿ ಎದುರಿಗೆ ನಿಂತಿರುವಾಗ ನಾಲ್ಕುನೂರರದ್ದನ್ನು ಮುನ್ನೂರಕ್ಕೆ ಬಿಡುವುದಿಲ್ಲ ಅನ್ನುವ ಅಂಗಡಿಕಾರ ಶಿರಸಿಯಲ್ಲಿ ಇರಲಿಕ್ಕಿಲ್ಲ.